ಹಾರುವ ರಾಕೆಟ್ಟಿಗೆ ನೆಲ ಯಾವ ಕಡೆ ಅಂತ ಗೊತ್ತಾಗಲ್ಲ

ನಮ್ಮ ಕಾಲೇಜು ತಂಡದ ರಾಕೆಟ್ ವಾಲದಂತೆ ನೋಡಿಕೊಳ್ಳೋ ಕೆಲಸ ನನ್ನ ಪಾಲಿಗೆ ಬಂದಿದೆ. ಮೂತಿಯ ಹತ್ತಿರ ನಾಲ್ಕು ಪುಟ್ಟ ರೆಕ್ಕೆ, ಒಂದೊಂದಕ್ಕೂ ಅದನ್ನ ತಿರುಗಿಸೋ ಒಂದು ಸರ್ವೋ, ಜೊತೆಗೆ ಎಂಪಿಯು-6050 ಸೆನ್ಸರ್. ಆ ಸೆನ್ಸರಿನಲ್ಲಿ ತಿರುಗೋ ವೇಗ ಅಳೆಯೋ ಗೈರೋ, ವೇಗೋತ್ಕರ್ಷ ಅಳೆಯೋ ಆಕ್ಸೆಲೆರೋಮೀಟರ್ ಎರಡೂ ಇವೆ. ರಾಕೆಟ್ ನೆಟ್ಟಗೆ ಹಾರಬೇಕಾದರೆ ಗುರುತ್ವ ಕೇಂದ್ರ (ತೂಕ ಸಮತೂಗೋ ಜಾಗ) ಮುಂದೆ, ಒತ್ತಡ ಕೇಂದ್ರ (ಗಾಳಿಯ ಬಲವೆಲ್ಲ ಸೇರಿ ಬೀಳೋ ಜಾಗ) ಹಿಂದೆ ಇರಬೇಕು. ಮೂತಿಗೆ ರೆಕ್ಕೆ ಹಚ್ಚಿದರೆ ಒತ್ತಡ ಕೇಂದ್ರ ಮುಂದಕ್ಕೆ ಸರಿಯುತ್ತೆ, ಲೆಕ್ಕ ಮತ್ತೆ ಹಾಕಿ. ವಾಲಿದ್ದಕ್ಕೆ ರೆಕ್ಕೆ ಎಷ್ಟು ತಿರುಗಬೇಕು ಅಂತ ಲೆಕ್ಕ ಹಾಕೋ ಪಿಐಡಿ ಬಗ್ಗೆ ಇಲ್ಲಿ ಬರೆಯಲ್ಲ.

ನಾನು ಮೂರು ದಿನ ಒದ್ದಾಡಿದ್ದು ಕೋನದ ಲೆಕ್ಕದಲ್ಲಿ. ಎರಡು ಚಕ್ರದ ಬ್ಯಾಲೆನ್ಸ್ ರೋಬೋಟಿನ ಕೋಡನ್ನೇ ಎತ್ತಿ ಹಾಕಿದ್ದೆ: ಎರಡೂ ಹೇಳೋ ಕೋನವನ್ನ ಬೆರೆಸೋದು, ಗೈರೋಗೆ 0.98 ಪಾಲು, ಆಕ್ಸೆಲೆರೋಮೀಟರಿಗೆ 0.02. ಮೇಜಿನ ಮೇಲೆ ಬೋರ್ಡು ಓರೆ ಮಾಡಿದರೆ ರೆಕ್ಕೆಗಳು ಚೆಂದವಾಗಿ ತಿರುಗುತ್ತಿದ್ದವು. ಆಮೇಲೆ ಸೀನಿಯರ್ ಅಕ್ಕ ಕೇಳಿದರು: "ಮೇಲೆ ಹೋದಾಗ ಆಕ್ಸೆಲೆರೋಮೀಟರ್ ಏನನ್ನ ಅಳೆಯುತ್ತೆ?"

ಗುರುತ್ವವನ್ನಂತೂ ಅಲ್ಲ! ಆಕ್ಸೆಲೆರೋಮೀಟರಿಗೆ ಗುರುತ್ವ ಯಾವತ್ತೂ ಕಾಣಲ್ಲ. ಗುರುತ್ವ ಬಿಟ್ಟು ಉಳಿದ ಬಲ ಮಾತ್ರ ಕಾಣುತ್ತೆ. ಮೇಜಿನ ಮೇಲೆ ಅದು ತೋರಿಸೋ 9.8 ಮೇಜು ಮೇಲಕ್ಕೆ ತಳ್ಳೋದರಿಂದ ಬಂದದ್ದು. ಮೋಟರ್ ಉರಿಯುವಾಗ ತಳ್ಳೋದು ಮೋಟರ್, ಅದೂ ರಾಕೆಟ್ಟಿನ ಉದ್ದಕ್ಕೇ. ರಾಕೆಟ್ 30 ಡಿಗ್ರಿ ವಾಲಿದ್ದರೂ ಸೆನ್ಸರ್ "ನೆಟ್ಟಗಿದ್ದೀನಿ" ಅನ್ನುತ್ತೆ.

ಸೆಕೆಂಡಿಗೆ 100 ಸಲ ಕೋಡಿನ ಲೂಪ್ (ಈ ಲೆಕ್ಕದ ಒಂದು ಸುತ್ತು) ಓಡಿದರೆ, ಪ್ರತಿ ಸಲ ಈ ಸುಳ್ಳು 2 ಪರ್ಸೆಂಟ್ ಬೆರೆಯುತ್ತೆ. ಅರ್ಧ ಸೆಕೆಂಡಿಗೆ 50 ಸಲ, 0.98ರ 50ನೇ ಘಾತ ಸುಮಾರು 0.36. ಅಂದರೆ ನಿಜವಾದ 30 ಡಿಗ್ರಿ ನಮ್ಮ ಕೋಡಿಗೆ 11 ಡಿಗ್ರಿ. ಇನ್ನರ್ಧ ಸೆಕೆಂಡು ಕಳೆದರೆ 4. ರಾಕೆಟ್ ಓರೆಯಾಗೇ ಹೋಗ್ತಿರುತ್ತೆ, ರೆಕ್ಕೆಗಳು ಆರಾಮಾಗಿರುತ್ತವೆ.

ನಾನು ಈಗ ಮಾಡ್ತಿರೋದು ಇಷ್ಟೆ. ರಾಕೆಟ್ ಲಾಂಚ್ ರೈಲಿನ ಮೇಲೆ ಅಲ್ಲಾಡದೆ ನಿಂತಿರುವಾಗ ಆಕ್ಸೆಲೆರೋಮೀಟರಿನಿಂದ ಶುರುವಿನ ಕೋನ ತಗೊಳ್ಳೋದು, ತಿರುಗದೆ ಇದ್ದಾಗಲೂ ಗೈರೋ ತೋರಿಸೋ ಸೊನ್ನೆ ತಪ್ಪನ್ನೂ ಅಲ್ಲೇ ಕಳೆಯೋದು. ಹಾರಿದ ಮೇಲೆ ಗೈರೋ ಒಂದನ್ನೇ ನಂಬೋದು. ಸೆಕೆಂಡಿಗೆ 0.05 ಡಿಗ್ರಿ ಜಾರಿದರೂ ಹತ್ತು ಸೆಕೆಂಡಿನ ಹಾರಾಟಕ್ಕೆ ಅರ್ಧ ಡಿಗ್ರಿ. ತೊಂದರೆಯಿಲ್ಲ.

ವೇಗ ಮೂರು ಪಟ್ಟಾದರೆ ರೆಕ್ಕೆಯ ಬಲ ಒಂಬತ್ತು ಪಟ್ಟು, ಗೇನ್ (ಒಂದು ಡಿಗ್ರಿ ವಾಲಿದರೆ ರೆಕ್ಕೆ ಎಷ್ಟು ತಿರುಗಬೇಕು ಅನ್ನೋ ಗುಣಕ) ಅಷ್ಟೇ ತಗ್ಗಿಸಿ. ಇನ್ನೊಂದು, ಆನ್ ಮಾಡಿದಾಗ ಈ ಸೆನ್ಸರಿನ ಗೈರೋ ಮಿತಿ ಸೆಕೆಂಡಿಗೆ 250 ಡಿಗ್ರಿ. ರಾಕೆಟ್ ಅದಕ್ಕಿಂತ ಜೋರಾಗಿ ಗಿರಕಿ ಹೊಡೆದರೆ ಕೋನವೇ ಕೈತಪ್ಪುತ್ತೆ. 2000ಕ್ಕೆ ಇಟ್ಟುಕೊಳ್ಳಿ, ಸೆನ್ಸರ್ ಕೊಡೋ ಅಂಕಿಯನ್ನ ಡಿಗ್ರಿಗೆ ತರಲು ಭಾಗಿಸೋ ಸಂಖ್ಯೆಯನ್ನೂ 131ರಿಂದ 16.4ಕ್ಕೆ ಬದಲಿಸಿ. ನಾನು ಮರೆತಿದ್ದೆ.