ಸ್ಟೆಲ್ವಿಯೋ ಇಳಿಯೋ ಲೆಕ್ಕ

ಏಪ್ರಿಲ್ ಮುಗೀತಿದ್ದಂಗೆ ಊರಿಂದ ಮೆಸೇಜ್ ಬರೋಕೆ ಶುರುವಾಗುತ್ತೆ. ಅಣ್ಣಾ ಜುಲೈನಲ್ಲಿ ಬರ್ತಿದೀವಿ, ಮ್ಯೂನಿಕ್‌ನಲ್ಲಿ ಪೋರ್ಷೆ 911 ಬಾಡಿಗೆಗೆ ತಗೊಂಡು ಆಲ್ಪ್ಸ್ ಪಾಸ್‌ಗಳನ್ನ (ಬೆಟ್ಟ ದಾಟೋ ಘಾಟಿ ರಸ್ತೆಗಳನ್ನ) ಸುತ್ತೋ ಪ್ಲಾನು, ಬೇಸ್ ಮಾಡೆಲ್ ಸಾಕಾಗುತ್ತಾ ಇಲ್ಲ ಟರ್ಬೋನೇ ಬೇಕಾ. ನಾನು ಜರ್ಮನಿಯಲ್ಲಿ ಬ್ರೇಕ್ ಟೆಸ್ಟಿಂಗ್ ಕೆಲಸದಲ್ಲಿರೋನು, ಹಾಗಾಗಿ ಹಾರ್ಸ್‌ಪವರ್ ಬಗ್ಗೆ ಕೇಳಿದವ್ರಿಗೆಲ್ಲ ಬ್ರೇಕ್ ಆಯಿಲ್ ಬಗ್ಗೆ ಉತ್ತರ ಕೊಟ್ಟು ಬೇಜಾರು ಮಾಡೋ ಅಭ್ಯಾಸ ನಂದು. ಆದ್ರೆ ಸುಮ್ನೆ ಹೇಳ್ತಿಲ್ಲ. ಘಾಟಿ ಹತ್ತೋಕೆ ಯಾವ ಕಾರಾದ್ರೂ ಹತ್ತುತ್ತೆ, ಹಳೇ ಫಿಯೆಟ್ ಪಾಂಡಾಗಳು ದಿನಾ ಹತ್ತಿಳೀತಾನೇ ಇರ್ತವೆ. ಸ್ಪೋರ್ಟ್ಸ್ ಕಾರಿನ ನಿಜವಾದ ಪರೀಕ್ಷೆ ಇರೋದು ಇಳಿಯುವಾಗ, ಅದೂ ಇಂಜಿನ್ನಿಗಲ್ಲ, ಚಕ್ರದ ಜೊತೆ ತಿರುಗೋ ನಾಲ್ಕು ಬ್ರೇಕ್ ಡಿಸ್ಕಿಗೆ ಮತ್ತೆ ಪೆಡಲ್ ಒತ್ತಿದ ಬಲಾನ ಅಲ್ಲಿಗೆ ಮುಟ್ಟಿಸೋ ಒಂದಿಷ್ಟು ಬ್ರೇಕ್ ಆಯಿಲ್‌ಗೆ.

ಲೆಕ್ಕ ಹಾಕೋಣ ಬನ್ನಿ, ಹೈಸ್ಕೂಲ್ ಭೌತಶಾಸ್ತ್ರ ಸಾಕು. ಇಟಲಿಯ ಸ್ಟೆಲ್ವಿಯೋ ಪಾಸ್ ಇರೋದು 2757 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪ್ರಾಡ್ ಅನ್ನೋ ಊರಿನ ಕಡೆಗೆ ಇಳಿದ್ರೆ ಸುಮಾರು 24 ಕಿಲೋಮೀಟರ್‌ನಲ್ಲಿ 1800 ಮೀಟರ್ ಕೆಳಗೆ ಬರ್ತೀರ, ಮಧ್ಯೆ 48 ಹೇರ್‌ಪಿನ್, ಅಂದ್ರೆ ಯು ಆಕಾರದ ತಿರುವು. ನಮ್ಮ ಆಗುಂಬೆ ಘಾಟಿ ಸೋಮೇಶ್ವರಕ್ಕೆ ಇಳಿಯೋದು ಹೆಚ್ಚುಕಮ್ಮಿ 500 ಮೀಟರ್ ಅಂದ್ಕೊಂಡ್ರೆ ಇದು ಅದರ ಮೂರು ಪಟ್ಟಿಗಿಂತ ಜಾಸ್ತಿ, ಒಂದೇ ಉಸಿರಲ್ಲಿ. ಕಾರು, ಇಬ್ಬರು ಜನ, ಬ್ಯಾಗು ಎಲ್ಲ ಸೇರಿ 1600 ಕೆಜಿ ಅಂತ ಇಟ್ಕೊಳ್ಳಿ, ಅಷ್ಟು ತೂಕ ಅಷ್ಟು ಕೆಳಗೆ ಬಂದ್ರೆ ಬಿಡುಗಡೆ ಆಗೋ ಶಕ್ತಿ 28 ಮೆಗಾಜೂಲ್, ಅಂದ್ರೆ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹತ್ತತ್ರ 8 ಯೂನಿಟ್. ಬಚ್ಚಲುಮನೆ ಹಂಡೆ ನೆನಪಿದ್ರೆ, 90 ಲೀಟರ್ ತಣ್ಣೀರನ್ನ ಕುದಿಯೋ ತನಕ ಕಾಯ್ಸೋಕೆ ಬೇಕಾದಷ್ಟು ಬಿಸಿ ಇದು. ಗಾಳಿ ಮತ್ತೆ ಟಯರ್ ಉಜ್ಜಾಟಕ್ಕೆ ಅದರಲ್ಲಿ ಐದನೇ ಒಂದು ಪಾಲು ಹೋಗಬಹುದು. ಮಿಕ್ಕಿದ್ದನ್ನ ಯಾರೋ ಒಬ್ಬರು ಹೊರಲೇಬೇಕು, ಇಂಜಿನ್ ಇಲ್ಲಾಂದ್ರೆ ಬ್ರೇಕು.

ಇಲ್ಲೇ ನಮ್ಮ ಹುಡುಗರು ಯಾಮಾರೋದು. ಸ್ಪೋರ್ಟ್ಸ್ ಕಾರಿಗೆ ದೊಡ್ಡ ಡಿಸ್ಕು, ಆರು ಪಿಸ್ಟನ್ ಕ್ಯಾಲಿಪರ್ (ಪ್ಯಾಡುಗಳನ್ನ ಡಿಸ್ಕಿಗೆ ಒತ್ತೋ ಭಾಗ) ಇರುತ್ತೆ, ಏನಾಗುತ್ತೆ ಬಿಡು ಅಂತ. ದೊಡ್ಡ ಡಿಸ್ಕ್ ಇರೋದು ನಿಜ, ಅದು ಸಹಾಯ ಮಾಡೋದೂ ನಿಜ. ಆದ್ರೆ ಬ್ರೇಕ್ ಡಿಸ್ಕಿಗೆ ಗಾಳಿ ಬೇಕು. ಜರ್ಮನಿಯ ಹೈವೇ ಆಟೋಬಾನ್‌ನಲ್ಲಿ 200ರ ಸ್ಪೀಡಿಂದ ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಆಮೇಲೆ ಕಿಲೋಮೀಟರ್‌ಗಟ್ಟಲೆ ಗಾಳಿ ಸಿಗುತ್ತೆ, ಘಾಟಿಯಲ್ಲಿ ನೀವು ಹೋಗ್ತಿರೋದೇ 30-40ರ ಸ್ಪೀಡಲ್ಲಿ, ಡಿಸ್ಕ್ ತಣ್ಣಗಾಗೋ ಮುಂಚೆ ಮುಂದಿನ ಹೇರ್‌ಪಿನ್ ಬಂದಿರುತ್ತೆ, ಜೊತೆಗೆ ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಬೇರೆ ಕಮ್ಮಿ. ಅದರ ಮೇಲೆ ಎರಡು ತಿರುವಿನ ನಡುವೆ ಸಿಗೋ ಇನ್ನೂರು ಮೀಟರಿಗೆ ಆಕ್ಸಿಲರೇಟರ್ ಒತ್ತಿ ಸೌಂಡ್ ಕೇಳೋ ಚಪಲ. ಇಳಿಜಾರಲ್ಲಿ ಇಂಜಿನ್ ತಳ್ಳಿದ ಶಕ್ತಿಯೂ ಆ 28ರ ಮೇಲೆ ಸೇರ್ಕೊಳ್ಳುತ್ತೆ, ಅದನ್ನೂ ಬ್ರೇಕೇ ನುಂಗಬೇಕು.

ಬ್ರೇಕ್ ಕೈಕೊಡೋದರಲ್ಲಿ ಎರಡು ಥರ ಇದೆ, ಎರಡನ್ನೂ ಕಾಲಲ್ಲೇ ಗುರುತು ಹಿಡೀಬಹುದು. ಮೊದಲನೇದು ಪ್ಯಾಡ್ ಸೋಲೋದು. ಪ್ಯಾಡ್ ಒಳಗಿನ ಅಂಟು ಅತಿಯಾಗಿ ಬಿಸಿಯಾಗಿ ಗ್ಯಾಸ್ ಬಿಡುತ್ತೆ, ಹಿಡಿತ ಇಳಿಯುತ್ತೆ, ಪೆಡಲ್ ಮಾತ್ರ ಗಟ್ಟಿಯಾಗೇ ಇರುತ್ತೆ, ಎಷ್ಟು ಒತ್ತಿದ್ರೂ ಕಾರು ನಿಲ್ಲೋಕೆ ಒಲ್ಲೆ ಅನ್ನುತ್ತೆ, ಸುಟ್ಟ ವಾಸನೆ ಬರುತ್ತೆ. ಇದು ಪರವಾಗಿಲ್ಲ ಅಂತೀನಿ, ಯಾಕಂದ್ರೆ ಸ್ವಲ್ಪ ಸ್ವಲ್ಪವಾಗಿ ಬರುತ್ತೆ, ಮುಂಚೆನೇ ಸೂಚನೆ ಕೊಡುತ್ತೆ. ಎರಡನೇದೇ ನನಗೆ ಭಯ. ಬ್ರೇಕ್ ಆಯಿಲ್ ಕುದಿಯೋದು. ನಾವು ಬಳಸೋ ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವಾನ ಹೀರ್ಕೊಳ್ಳುತ್ತೆ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು ಅಂತ ಸ್ಟ್ಯಾಂಡರ್ಡು, 3.7 ಪರ್ಸೆಂಟ್ ನೀರು ಸೇರಿದ ಮೇಲೆ ಅದೇ ಸ್ಟ್ಯಾಂಡರ್ಡ್ ಕೇಳೋದು ಕನಿಷ್ಠ 155 ಮಾತ್ರ. ಎಪ್ಪತ್ತೈದು ಡಿಗ್ರಿ ಹೋಯ್ತು, ಕಾರು ಹೊರಗಡೆಯಿಂದ ನೋಡಿದ್ರೆ ಫಳಫಳ ಅಂತ ಹೊಳೀತಾ ನಿಂತಿದೆ. ಆಯಿಲ್ ಕುದ್ದು ಆವಿ ಗುಳ್ಳೆ ಆದ್ರೆ ಪೆಡಲ್ ಒತ್ತಿದ ಬಲ ಆ ಗುಳ್ಳೆ ಅಮುಕೋದಕ್ಕೇ ಖರ್ಚಾಗಿ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತೆ. ಇದು ಹಿಂದಿನ ತಿರುವಲ್ಲಿ ಚೆನ್ನಾಗಿತ್ತು, ಈ ತಿರುವಲ್ಲಿ ಇಲ್ಲ, ಹಾಗೆ ಬರುತ್ತೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ. ಆಯಿಲ್ ಕುದಿಯೋದು ಬಹಳ ಸಲ ಓಡಿಸ್ತಿರುವಾಗಲ್ಲ, ಗಾಡಿ ನಿಲ್ಲಿಸಿದ ಮೇಲೆ. ಜೋರಾಗಿ ಅರ್ಧ ಘಾಟಿ ಇಳಿದು, ಫೋಟೋಗೆ ಅಂತ ಸೈಡಿಗೆ ಹಾಕ್ತೀರ. ಗಾಳಿ ನಿಂತುಹೋಯ್ತು, ಡಿಸ್ಕಲ್ಲಿದ್ದ ಬಿಸಿ ಎಲ್ಲ ನಿಧಾನಕ್ಕೆ ಪ್ಯಾಡ್ ದಾಟಿ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ಹೋಗುತ್ತೆ. ಹತ್ತು ನಿಮಿಷ ಬಿಟ್ಟು ಹೊರಟಾಗ ಮೊದಲನೇ ಬ್ರೇಕೇ ಮೆತ್ತಗೆ. ಅದಕ್ಕೇ ನಿಲ್ಲಿಸಿದ ಜಾಗದಿಂದ ಹೊರಡೋ ಮುಂಚೆ ಒಂದು ಸಲ ಪೆಡಲ್ ಒತ್ತಿ ನೋಡಿ ಅಂತ ಎಲ್ಲರಿಗೂ ಹೇಳ್ತೀನಿ. ಎರಡು ಸೆಕೆಂಡ್ ಕೆಲಸ.

ಪರಿಹಾರ ಏನು ಅಂದ್ರೆ ನಮ್ಮ ಲಾರಿ ಡ್ರೈವರ್‌ಗಳು ಹೇಳೋದೇ, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಚಾರ್ಮಾಡಿಗಾಗಲಿ ಸ್ಟೆಲ್ವಿಯೋಗಾಗಲಿ ಇದಕ್ಕಿಂತ ಒಳ್ಳೇ ನಿಯಮ ನನಗೆ ಸಿಕ್ಕಿಲ್ಲ. ಸ್ಪೋರ್ಟ್ಸ್ ಕಾರಲ್ಲಿ ಸ್ಟೀರಿಂಗ್ ಹಿಂದೆ ಗೇರ್ ಬದಲಾಯಿಸೋ ಪ್ಯಾಡಲ್ ಶಿಫ್ಟ್ ಇರುತ್ತಲ್ಲ, ಆಟೋಮ್ಯಾಟಿಕ್ ಡಿ ಮೋಡಲ್ಲಿ ಬಿಟ್ಟು ಕೂರಬೇಡಿ, ಪೆಟ್ರೋಲ್ ಉಳಿಸೋಕೆ ಅಂತ ಅದು ಗೇರ್ ಮೇಲಕ್ಕೆ ಹಾಕ್ಕೊಳ್ಳೋ ಸಾಧ್ಯತೆ ಇದೆ. ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಲ್ಲಿ ಇಟ್ಬಿಡಿ, ಇಂಜಿನ್ 4000-5000 ಆರ್‌ಪಿಎಂನಲ್ಲಿ ಕೂಗ್ಲಿ, ಏನೂ ಆಗಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂಜೆಕ್ಷನ್ನೇ ನಿಂತಿರುತ್ತೆ, ಒಂದು ಹನಿ ಪೆಟ್ರೋಲೂ ಖರ್ಚಾಗಲ್ಲ. ಬ್ರೇಕ್ ಮೇಲೆ ಸದಾ ಕಾಲಿಟ್ಟು ಸವರ್ಕೊಂಡು ಇಳಿಯೋ ಬದಲು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ, ಪ್ಯಾಡ್ ಮತ್ತೆ ಡಿಸ್ಕ್ ಮಧ್ಯೆ ಗಾಳಿ ಆಡಲಿ. ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರಾದ್ರೆ ಕಥೆ ಇನ್ನೂ ಸುಲಭ, ಮೊದಲನೇ ಮಾಡೆಲ್ ಪೋರ್ಷೆ ಟೈಕಾನ್‌ನಲ್ಲೇ 265 ಕಿಲೋವ್ಯಾಟ್ ತನಕ ಬ್ಯಾಟರಿಗೆ ವಾಪಸ್ ಹೋಗ್ತಿತ್ತು, ಒಂದೇ ಷರತ್ತು, ಮೇಲಿನ ಹೋಟೆಲಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ನೂರು ಪರ್ಸೆಂಟ್ ತುಂಬಿಸ್ಕೊಂಡು ಇಳಿಯೋಕೆ ಹೊರಟ್ರೆ ಆ ಶಕ್ತಿಗೆ ಹೋಗೋಕೆ ಜಾಗ ಇರಲ್ಲ.

ಪವರ್ ಬಗ್ಗೆ ಕೇಳ್ತೀರಲ್ಲ, ಒಂದೇ ಮಾತಲ್ಲಿ ಮುಗಿಸ್ತೀನಿ. ಟರ್ಬೋ ಇಲ್ಲದ ಇಂಜಿನ್ ಸ್ಟೆಲ್ವಿಯೋ ತುದಿಯಲ್ಲಿ ಸುಮಾರು ಕಾಲು ಭಾಗ ಶಕ್ತಿ ಕಳ್ಕೊಂಡಿರುತ್ತೆ, ಗಾಳಿ ತೆಳು, ಆಮ್ಲಜನಕ ಕಮ್ಮಿ. ಟರ್ಬೋ ಅದನ್ನ ಬಹುಪಾಲು ಸರಿದೂಗಿಸುತ್ತೆ. ಮುಂದಿನ ಲಾರಿ, ಕ್ಯಾಂಪರ್ ವ್ಯಾನು, ಸೈಕಲ್ ಗುಂಪಿನ ಹಿಂದೆ ಹೋಗುವಾಗ ಈ ವ್ಯತ್ಯಾಸ ನಿಮಗೆ ಗೊತ್ತೂ ಆಗಲ್ಲ.

ಇದಕ್ಕಿಂತ ಮುಖ್ಯ ಯಾವ ರಸ್ತೆ ಅನ್ನೋದು. ಸ್ಟೆಲ್ವಿಯೋ ಅಂದ್ರೆ ಎಲ್ಲರಿಗೂ ಹುಚ್ಚು, ಆದ್ರೆ ನನ್ನ ಕೇಳಿದ್ರೆ ಅದು ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ರಸ್ತೆ ಅಲ್ಲ. ಅದನ್ನ 1820ರಿಂದ 25ರ ಮಧ್ಯೆ ಆಸ್ಟ್ರಿಯಾ ಸಾಮ್ರಾಜ್ಯದವರು ಲಂಬಾರ್ಡಿಗೆ ದಾರಿ ಬೇಕು ಅಂತ ಕಾರ್ಲೋ ದೋನೆಗಾನಿ ಅನ್ನೋ ಇಂಜಿನಿಯರ್ ಕೈಲಿ ಕಟ್ಟಿಸಿದ್ರು, ಓಡಾಡ್ತಿದ್ದಿದ್ದು ಕುದುರೆ ಗಾಡಿ. ಕುದುರೆಗೆ ಏರು ಜಾಸ್ತಿ ಆಗಬಾರದು, ತಿರುವು ಎಷ್ಟು ಕಿರಿದಾದ್ರೂ ಪರವಾಗಿಲ್ಲ. ಹಾಗಾಗಿ ಚಿಕ್ಕ ನೇರ ರಸ್ತೆ, ಗಪ್ಪಂತ ಮಡಚೋ ಹೇರ್‌ಪಿನ್, ಮತ್ತೆ ಚಿಕ್ಕ ನೇರ ರಸ್ತೆ. ಈಗಿನ 911 ಕನ್ನಡಿ ಬಿಟ್ಟು 1.85 ಮೀಟರ್ ಅಗಲ ಇದೆ, ಎದುರಿಂದ ಬಸ್ಸು ಬಂದ್ರೆ ಬೆವರು. ಯುರೋಪಲ್ಲಿ ರಸ್ತೆಯ ಬಲಕ್ಕೆ ಹೋಗ್ಬೇಕಲ್ಲ, ಬಲಗಡೆ ಹೇರ್‌ಪಿನ್ನೇ ಬಿಗಿಯಾದದ್ದು, ಒಳಗಡೆ ಏರು ಕಡಿದಾಗಿರುತ್ತೆ, ತೀರಾ ಒಳಕ್ಕೆ ಕತ್ತರಿಸಿದ್ರೆ ಮುಂದಿನ ಬಂಪರ್ ತಳ ಕರ್ರ್ ಅನ್ನುತ್ತೆ. ಕಿಟಕಿಯಿಂದ ಮೇಲ್ಗಡೆ ನೋಡಿ, ಯಾರೂ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಅಗಲವಾಗಿ ತಿರುಗಿಸಿ. ಊರಿಂದ ಬಂದವ್ರು ಎಡಕ್ಕೆ ಹೋಗೋ ತಪ್ಪು ಮಾಡೋದು ಹೇರ್‌ಪಿನ್‌ನಲ್ಲಲ್ಲ, ಫೋಟೋ ತೆಗೆದು ಖಾಲಿ ರಸ್ತೆಗೆ ವಾಪಸ್ ಇಳಿಯುವಾಗ, ಪಕ್ಕದ ಸೀಟಿನವರಿಗೆ ಬಲಕ್ಕೆ ಅಂತ ನೆನಪಿಸೋ ಡ್ಯೂಟಿ ಕೊಟ್ಬಿಡಿ.

ಕಾರಿಗೆ ಅಂತಲೇ ಕಟ್ಟಿದ ಪಾಸ್ ಬೇಕಾ, ಸ್ವಿಟ್ಜರ್ಲೆಂಡಿನ ಸುಸ್ಟೆನ್‌ಗೆ ಹೋಗಿ. 2224 ಮೀಟರ್, 1938ರಲ್ಲಿ ಶುರುವಾಗಿ ಯುದ್ಧ ಮುಗಿಯೋ ಹೊತ್ತಿಗೆ ಮುಗಿದ ರಸ್ತೆ, ಮೋಟಾರ್ ಗಾಡಿಗಳನ್ನ ಲೆಕ್ಕಕ್ಕಿಟ್ಟುಕೊಂಡೇ ಗೀಟು ಹಾಕಿದ್ದು. ತಿರುವುಗಳು ಅಗಲ, ಮುಂದೇನಿದೆ ಅಂತ ಕಾಣುತ್ತೆ, ಕಾರು ತೂಗಿಸ್ಕೊಂಡು ಹೋಗೋ ಲಯ ಸಿಗುತ್ತೆ. ಅದರ ಜೊತೆ ಗ್ರಿಮ್ಸೆಲ್ 2164 ಮೀಟರ್, ಫುರ್ಕಾ 2429 ಮೀಟರ್ ಸೇರಿಸಿದ್ರೆ ಒಂದು ದಿನದ ಸುತ್ತು, ಸುಮಾರು 120 ಕಿಲೋಮೀಟರ್. ಆಸ್ಟ್ರಿಯಾದ ಗ್ರೋಸ್‌ಗ್ಲೋಕ್ನರ್ ರಸ್ತೆ 1935ರಲ್ಲಿ ಓಪನ್ ಆಗಿದ್ದು, 48 ಕಿಲೋಮೀಟರ್, 36 ಹೇರ್‌ಪಿನ್, ಟೋಲ್ ಕಟ್ಟಬೇಕು. ಇಳಿಜಾರು 12 ಪರ್ಸೆಂಟ್ ತನಕ ಇರೋದ್ರಿಂದ ಕಾರ್ ಕಂಪನಿಗಳು ಬ್ರೇಕ್ ಟೆಸ್ಟಿಗೆ ಇಲ್ಲಿಗೇ ಬರ್ತಾರೆ, ಕಪ್ಪು ಬಿಳಿ ಸ್ಟಿಕರ್ ಮೆತ್ತಿರೋ ಗಾಡಿ ನಿಧಾನಕ್ಕೆ ಇಳೀತಿದ್ರೆ ಹಾರ್ನ್ ಹೊಡೀಬೇಡಿ, ಒಳಗಿರೋವ್ರು ನಮ್ಮಂಥ ಬ್ರೇಕ್ ಟೆಸ್ಟಿಂಗ್‌ನವರೇ.

ಸ್ವಿಸ್ ಕಡೆ ಹೋದ್ರೆ ಹಳದಿ ಪೋಸ್ಟ್ ಬಸ್ಸಿನ ಬಗ್ಗೆ ತಿಳ್ಕೊಂಡಿರಿ. ರೊಸ್ಸಿನಿಯ ವಿಲಿಯಂ ಟೆಲ್ ಸಂಗೀತದಿಂದ ತಗೊಂಡ ಮೂರು ಸ್ವರದ ಹಾರ್ನ್ ಅದರದ್ದು, ತಿರುವಿನ ಆಚೆಯಿಂದ ಅದು ಕೇಳಿಸ್ತು ಅಂದ್ರೆ ಅಗಲ ಇರೋ ಕಡೆ ನಿಂತ್ಕೊಳ್ಳಿ. ನೀಲಿ ಬೋರ್ಡಿನ ಮೇಲೆ ಹಳದಿ ಕೊಂಬು ಇರೋ ರಸ್ತೆಗಳಲ್ಲಿ ಆ ಡ್ರೈವರ್ ಹಿಂದಕ್ಕೆ ಹೋಗು ಅಂದ್ರೆ ಹೋಗಬೇಕು, ಕೋಟಿ ರೂಪಾಯಿ ಕಾರಾದ್ರೂ ಅಷ್ಟೇ. ಬೇರೆ ಕಡೆ ಸಾಮಾನ್ಯವಾಗಿ ಹತ್ತೋ ಗಾಡಿಗೆ ದಾರಿ, ಇಳಿಯೋನು ಕಾಯಬೇಕು. ಸ್ಪೀಡ್ ಲಿಮಿಟ್ ಊರ ಹೊರಗೆ 80, ಅದರ ಮೇಲೆ 60 ಜಾಸ್ತಿ ಹೋದ್ರೆ 2013ರಿಂದ ಬಂದಿರೋ ಕಾನೂನು ಪ್ರಕಾರ ಬರೀ ದಂಡ ಅಲ್ಲ, ಕ್ರಿಮಿನಲ್ ಕೇಸು, ಜೈಲು ತನಕ ಹೋಗುತ್ತೆ, ಕಾರೂ ಜಪ್ತಿ ಆಗಬಹುದು. ಬಾಡಿಗೆ ಕಾರು ಜಪ್ತಿಯಾದ್ರೆ ಡಿಪಾಸಿಟ್ ಮರೆತುಬಿಡಿ.

ಟಯರು. ಎತ್ತರಕ್ಕೆ ಹೋದಂಗೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕದಲ್ಲಿ ತಣ್ಣಗಾಗುತ್ತೆ, ಪ್ರಾಡ್‌ನಲ್ಲಿ 25 ಇದ್ರೆ ಮೇಲೆ 13. ಸಂಜೆ ಮಳೆ ಸೇರಿದ್ರೆ ಇನ್ನೂ ಕೆಳಗೆ, ಆಗಸ್ಟಲ್ಲೂ ಹಿಮ ಬೀಳೋದುಂಟು. ಸಮ್ಮರ್ ಟಯರ್ 7 ಡಿಗ್ರಿಗಿಂತ ಕೆಳಗೆ ಗಡಸಾಗುತ್ತೆ, ಟ್ರ್ಯಾಕ್‌ಗೆ ಅಂತ ಮಾಡಿರೋ ಸೆಮಿ ಸ್ಲಿಕ್ ಆದ್ರಂತೂ ಒದ್ದೆ ರಸ್ತೆಯಲ್ಲಿ ಸೋಪು. ಪ್ರೆಶರ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಮೇಲೆ ವಾತಾವರಣದ ಒತ್ತಡ ಕಮ್ಮಿ ಆಗಿ ಮೀಟರ್ ಜಾಸ್ತಿ ತೋರಿಸುತ್ತೆ, ಚಳಿಗೆ ಗಾಳಿ ಕುಗ್ಗಿ ಕಮ್ಮಿ ತೋರಿಸುತ್ತೆ, ಎರಡೂ ಬಹುಪಾಲು ಹೊಡ್ಕೊಂಡು ಹೋಗ್ತವೆ. ಬೆಳಿಗ್ಗೆ ಕೆಳಗಡೆ ತಣ್ಣಗಿರುವಾಗ ಸರಿಯಾಗಿ ಹಾಕ್ಸಿದ್ರೆ ಸಾಕು.

ಬಾಡಿಗೆಗೆ ತಗೊಳ್ಳುವಾಗ ಮೂರು ಪ್ರಶ್ನೆ ಕೇಳಿ, ಬ್ರೇಕ್ ಆಯಿಲ್ ಕೊನೇ ಸಲ ಯಾವಾಗ ಬದಲಾಯಿಸಿದ್ದು (ಎರಡು ವರ್ಷ ದಾಟಿದ್ರೆ ಬೇರೆ ಕಾರು ಕೇಳಿ), ಪ್ಯಾಡ್ ಎಷ್ಟು ಉಳಿದಿದೆ, ಗಡಿ ದಾಟಿ ಇಟಲಿಗೆ ಒಯ್ಯೋಕೆ ಕರಾರಲ್ಲಿ ಒಪ್ಪಿಗೆ ಇದೆಯಾ. ಕೌಂಟರಲ್ಲಿ ಕೂತಿರೋ ಹುಡುಗನಿಗೆ ಮೊದಲೆರಡಕ್ಕೆ ಉತ್ತರ ಗೊತ್ತಿರಲ್ಲ, ಸರ್ವೀಸ್ ಬುಕ್ ತರಿಸ್ಲಿ. ಇನ್ನೂ ಒಂದು ಸಲಹೆ, ಯಾರೂ ಕೇಳಲ್ಲ ಆದ್ರೂ ಹೇಳ್ತೀನಿ, ಮಾಜ್ದಾ ಎಂಎಕ್ಸ್-5 ತಗೊಳ್ಳಿ. ಕಾರಿನ ತೂಕ ಒಂದು ಟನ್ ಚಿಲ್ಲರೆ, ಆ 28 ಮೆಗಾಜೂಲ್ ಅಲ್ಲಿ 21-22 ಆಗುತ್ತೆ, ಅಗಲವೂ ಕಮ್ಮಿ, ಮೇಲ್ಗಡೆ ತೆಗೆದ್ರೆ ಪೂರ್ತಿ ಆಕಾಶ. ಇನ್‌ಸ್ಟಾಗ್ರಾಮ್‌ಗೆ ಅದು ಸಾಲಲ್ಲ ಅನ್ನೋದು ನನಗೂ ಗೊತ್ತು.

ಕೆಳಗೆ ಬಂದ ಮೇಲೆ ಸೀದಾ ಕಾಫಿಗೆ ನಿಲ್ಲಿಸಬೇಡಿ. ಸಮತಟ್ಟು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ, ಆಮೇಲೆ ನಿಲ್ಲಿಸಿ. ಸಿಗ್ನಲ್ಲಲ್ಲಿ ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡ್ಕೊಂಡೇ ಇದ್ರೆ ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಕೂತು ಆಮೇಲೆ ಸ್ಟೀರಿಂಗ್ ನಡುಗುತ್ತೆ, ಸಮತಟ್ಟಾಗಿದ್ರೆ ನ್ಯೂಟ್ರಲ್ ಹಾಕಿ ಕಾಲು ತೆಗೀರಿ. ಹ್ಯಾಂಡ್‌ಬ್ರೇಕ್ ಬದಲು ಗೇರಲ್ಲೋ ಪಾರ್ಕಿಂಗಲ್ಲೋ ಬಿಡಿ, ನೀರಂತೂ ಹಾಕಲೇಬೇಡಿ. ದಾರಿಯಲ್ಲಿ ಎಲ್ಲಾದ್ರೂ ಪೆಡಲ್ ಮೆತ್ತಗಾಗಿತ್ತು ಅಂದ್ರೆ ತಣ್ಣಗಾದ ಮೇಲೆ ಅದು ಮತ್ತೆ ಗಟ್ಟಿಯಾಗುತ್ತೆ, ಏನೂ ಆಗೇ ಇಲ್ಲ ಅನ್ನೋ ಹಂಗೆ. ನಂಬಬೇಡಿ. ಆವಿ ವಾಪಸ್ ದ್ರವ ಆಗಿದೆ ಅಷ್ಟೇ, ಆ ನೀರು ಅಲ್ಲೇ ಇದೆ, ಮಾರನೇ ದಿನದ ಪಾಸ್ ಕ್ಯಾನ್ಸಲ್ ಮಾಡಿ ಮೊದಲು ಆಯಿಲ್ ಬದಲಾಯಿಸಿ.