ಪದ ಪರಿಚಯ: ‘ಪ್ರಿಸೇಕ್ರಲ್ ಸಾಫ್ಟ್ ಟಿಶ್ಯೂ’

ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆದವರ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಈ ಮಾತು ಆಗಾಗ ಕಾಣುತ್ತದೆ. ಜೊತೆಗೆ, ಗಾಯದ ಕಲೆಯೋ ಮರಳಿ ಬಂದ ಗಡ್ಡೆಯೋ ಹೇಳಲಾಗದು ಅನ್ನೋ ಸಾಲು. ಓದಿದವರ ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಸೇಕ್ರಮ್ ಅಂದರೆ ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕೋನದ ಮೂಳೆ. ‘ಪ್ರಿ’ ಅಂದರೆ ಅದರ ಮುಂದೆ. ‘ಸಾಫ್ಟ್ ಟಿಶ್ಯೂ’ ಅಂದರೆ ಮೂಳೆಯಲ್ಲದ ಮೆತ್ತನೆಯ ಅಂಗಾಂಶ. ಗುದನಾಳ ಇರುವುದೇ ಅಲ್ಲಿ. ಅದನ್ನು ತೆಗೆದ ಮೇಲೆ ಜಾಗ ಖಾಲಿ ಉಳಿಯುವುದಿಲ್ಲ. ರಕ್ತ, ನೀರು ಕಟ್ಟಿಕೊಳ್ಳುತ್ತದೆ. ಗಾಯ ಮಾಯುತ್ತಾ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಗುದದ್ವಾರವನ್ನೂ ಸೇರಿಸಿ ತೆಗೆದಿದ್ದರೆ ಸಣ್ಣ ಕರುಳು, ಹೆಂಗಸರಲ್ಲಿ ಗರ್ಭಕೋಶ ಹಿಂದಕ್ಕೆ ಜಾರಿ ಅಲ್ಲೇ ಕೂರಬಹುದು. ಸ್ಕ್ಯಾನಿನಲ್ಲಿ ಅದೂ ಗಡ್ಡೆಯ ಹಾಗೇ ಕಾಣುವುದುಂಟು!

ಸಿಟಿಯಲ್ಲಿ ಕಲೆಯೂ ಗಡ್ಡೆಯೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಎಂಆರ್‌ಐ ಸ್ವಲ್ಪ ವಾಸಿ. ಅದರಲ್ಲಿ ತೆಗೆಯುವ ಟಿ2 ಅನ್ನೋ ಬಗೆಯ ಚಿತ್ರದಲ್ಲಿ ಹಳೆಯ ಕಲೆ ಕಪ್ಪಗೆ, ಗಡ್ಡೆ ಅದಕ್ಕಿಂತ ಬೆಳ್ಳಗೆ. ಆದರೆ ರೇಡಿಯೇಷನ್ ಕೊಟ್ಟಿದ್ದರೆ ಊತದಿಂದಾಗಿ ಹೊಸ ಕಲೆಯೂ ತಿಂಗಳುಗಟ್ಟಲೆ ಬೆಳ್ಳಗೇ ಇರಬಹುದು.

ಪೆಟ್ ಸ್ಕ್ಯಾನ್? ಅದು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವ ಜಾಗಗಳನ್ನು ತೋರಿಸುತ್ತದೆ. ಕ್ಯಾನ್ಸರ್ ಎಳೆದುಕೊಳ್ಳುತ್ತದೆ, ನಿಜ. ಮಾಯುತ್ತಿರುವ ಗಾಯ, ಸೋಂಕೂ ಎಳೆದುಕೊಳ್ಳುತ್ತವೆ. ಲೋಳೆ ತುಂಬಿದ ಮ್ಯೂಸಿನಸ್ ಗಡ್ಡೆ ಮಾತ್ರ ಅಷ್ಟಾಗಿ ಎಳೆದುಕೊಳ್ಳದೆ ಕಣ್ತಪ್ಪಿಸಿಕೊಳ್ಳುವುದುಂಟು. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರ ಕರುಳಂತೂ ಕ್ಯಾನ್ಸರ್ ಇಲ್ಲದಿದ್ದರೂ ಝಗಮಗ ಹೊಳೆಯಬಹುದು. ಮಾತ್ರೆ ವಿಷಯ ಮೊದಲೇ ಹೇಳಿಬಿಡಿ. ಡಾಕ್ಟರನ್ನು ಕೇಳದೆ ಸುಮ್ನೆ ನೀವೇ ನಿಲ್ಲಿಸಬೇಡಿ.

ಇಂಥ ಹೊತ್ತಲ್ಲಿ ಬೀರುವಿನಲ್ಲಿ ಬಿದ್ದಿರುವ ಹಳೆಯ ಸಿಡಿಯೇ ಕೈಹಿಡಿಯುವುದು ಅಂತ ನನ್ನ ಅನಿಸಿಕೆ. ಆಪರೇಷನ್ ಆಗಿ ಕೆಲವು ತಿಂಗಳಿಗೆ ತೆಗೆದ ಸ್ಕ್ಯಾನನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ಕಲೆಯಾದರೆ ಕುಗ್ಗಿರುತ್ತದೆ, ಇಲ್ಲವೇ ಇದ್ದ ಹಾಗೇ ಇರುತ್ತದೆ. ಬೆಳೆದಿದ್ದರೆ, ಒಂದು ಬದಿಗೆ ಉಬ್ಬಿದ್ದರೆ, ಮೂಳೆ ಕೊರೆಯುತ್ತಿದ್ದರೆ ಅನುಮಾನ. ರಕ್ತದಲ್ಲಿ ಸಿಇಎ (ಈ ಕ್ಯಾನ್ಸರ್ ಇದ್ದಾಗ ಹೆಚ್ಚಾಗಬಹುದಾದ ಒಂದು ಪ್ರೋಟೀನ್) ಏರುತ್ತಾ ಹೋದರೆ ಅನುಮಾನ ಇನ್ನೂ ಜಾಸ್ತಿ. (ಬೀಡಿ, ಸಿಗರೇಟ್ ಸೇದುವವರಲ್ಲಿ ಅದು ಮೊದಲೇ ತುಸು ಹೆಚ್ಚಿರುತ್ತದೆ, ಆ ಮಾತು ಬೇರೆ.) ಆಗ ಸಿಟಿಯಲ್ಲಿ ನೋಡಿಕೊಂಡು ಸೂಜಿ ಹಾಕಿ, ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸೂಜಿ ಬರೀ ಕಲೆಗೆ ತಾಗಿ, ಪಕ್ಕದಲ್ಲೇ ಇರುವ ಗಡ್ಡೆ ಸಿಗದೆ ಹೋಗುವುದೂ ಉಂಟು. ಅದಕ್ಕೇ ಬಯಾಪ್ಸಿ ನೆಗೆಟಿವ್ ಬಂದರೂ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್‌ಗೆ ಬನ್ನಿ ಅನ್ನುತ್ತಾರೆ.