ಸೈರೀನ್: ಗಿಡ ಹೋಯ್ತು, ಊರು ಉಳಿದಿತ್ತು

ಗ್ರೀಕರ ವಸಾಹತು ಅಂದ ಕೂಡಲೇ ತಲೆಗೆ ಬರುವುದು ಬ್ರಿಟಿಷರ ವಸಾಹತು, ಅಲ್ವಾ? ಅದನ್ನು ಸ್ವಲ್ಪ ಬದಿಗಿಡಿ. ಗ್ರೀಕರ ಮಾತು ‘ಅಪೋಯ್ಕಿಯಾ’. ಹುಟ್ಟಿದ ಮನೆಯಿಂದ ದೂರ ಹೋಗಿ ಕಟ್ಟಿಕೊಂಡ ಬೇರೆ ಮನೆ ಅಂತ ಇಟ್ಟುಕೊಳ್ಳಿ. ಇವತ್ತಿನ ಪೂರ್ವ ಲಿಬಿಯಾದಲ್ಲಿದ್ದ ಸೈರೀನ್ ಇದಕ್ಕೆ ಒಳ್ಳೆ ಉದಾಹರಣೆ.

ಕಥೆ ಶುರುವಾಗುವುದು ಬರದಿಂದ. ಥೇರಾ ದ್ವೀಪದಲ್ಲಿ (ಈಗಿನ ಸ್ಯಾಂಟೊರಿನಿ) ಏಳು ವರ್ಷ ಮಳೆ ಬೀಳಲಿಲ್ಲ, ಒಂದನ್ನು ಬಿಟ್ಟು ಎಲ್ಲ ಮರ ಒಣಗಿದವು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಲಿಬಿಯಾಕ್ಕೆ ಹೋಗಿ ಊರು ಕಟ್ಟಿ ಅಂತ ಡೆಲ್ಫಿಯ ದೇವಾಲಯದಿಂದ ದೈವವಾಣಿ ಆಯಿತು. ಪ್ರತಿ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಚೀಟಿ ಎತ್ತಿ ಆರಿಸಿದರು. ಬಟ್ಟಸ್ ಎಂಬುವನ ಮುಂದಾಳತ್ವದಲ್ಲಿ ಎರಡು ಹಡಗು ಹೊರಟವು. ದಾರಿ ಕಾಣದೆ ವಾಪಸ್ ಬಂದರೆ ಸ್ವಂತ ಊರಿನವರೇ ಕಲ್ಲೋ ಬಾಣವೋ ಬೀರಿ ದಡಕ್ಕೆ ಬಿಡಲಿಲ್ಲ! ಸೈರೀನ್‌ನಲ್ಲೇ ಸಿಕ್ಕ ಒಂದು ಶಾಸನದಲ್ಲಿ ಹೊರಟವರ ಪ್ರತಿಜ್ಞೆ ಇದೆ. ಐದು ವರ್ಷದಲ್ಲಿ ನೆಲೆ ಸಿಗದಿದ್ದರೆ ಮರಳಬಹುದು. ಹೋಗಲು ಒಪ್ಪದವನಿಗೆ ಮರಣದಂಡನೆ. ಮೇಣದ ಗೊಂಬೆಗಳನ್ನು ಸುಟ್ಟು, ‘ಮಾತು ಮುರಿದವನು ಹೀಗೆ ಕರಗಲಿ’ ಅಂತ ಶಾಪವನ್ನೂ ಹಾಕಿದರಂತೆ. ಸಾಹಸಯಾತ್ರೆ ಅಂತ ಪರೀಕ್ಷೆಯ ಉತ್ತರದಲ್ಲಿ ಬರೆಯುವ ಮುಂಚೆ ಈ ಗೊಂಬೆಗಳು ನೆನಪಿರಲಿ.

ಎರಡು ವರ್ಷ ಒಂದು ದ್ವೀಪದಲ್ಲಿ, ಆರು ವರ್ಷ ಕರಾವಳಿಯಲ್ಲಿ ಒದ್ದಾಡಿದ ಮೇಲೆ ಸ್ಥಳೀಯ ಲಿಬಿಯನ್ನರು ಅವರನ್ನು ಒಂದು ಚಿಲುಮೆಯ ಬಳಿ ಕರೆತಂದರು. ‘ಇಲ್ಲಿ ಆಕಾಶಕ್ಕೇ ತೂತು ಬಿದ್ದಿದೆ’ ಅಂದರಂತೆ. ಅಷ್ಟು ಮಳೆ! ಸುಮಾರು ಕ್ರಿ.ಪೂ. 631. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ಗುಡ್ಡ. ಕಟಾವು ಮೊದಲು ಕರಾವಳಿಯಲ್ಲಿ, ಆಮೇಲೆ ನಡುಗುಡ್ಡದಲ್ಲಿ, ಕೊನೆಗೆ ಮೇಲೆ. ವರ್ಷಕ್ಕೆ ಎಂಟು ತಿಂಗಳು ಸುಗ್ಗಿ. ಕ್ರಿ.ಪೂ. 330ರ ಆಸುಪಾಸಿನ ಬರಗಾಲದಲ್ಲಿ ಈ ಊರು ಗ್ರೀಕ್ ನಗರಗಳಿಗೆ 8,05,000 ಮೆಡಿಮ್ನಸ್ ಧಾನ್ಯ ಕೊಟ್ಟ ಲೆಕ್ಕ ಕಲ್ಲಿನ ಮೇಲಿದೆ. ಒಂದು ಮೆಡಿಮ್ನಸ್ ಅಂದರೆ ಸುಮಾರು 52 ಲೀಟರ್ ಹಿಡಿಸುವ ಅಳತೆ, ನಮ್ಮ ಕೊಳಗದ ಥರ. ಬರದಿಂದ ಓಡಿಬಂದವರ ಊರು ಇದು ಅನ್ನುವುದು ಮರೆಯಬೇಡಿ.

ಇನ್ನು ಸಿಲ್ಫಿಯಂ. ಕಾಡಲ್ಲಿ ತಾನೇ ಬೆಳೆಯುವ ಗಿಡ, ಬೇಸಾಯಕ್ಕೆ ಒಗ್ಗಲಿಲ್ಲ. ಅದರ ಅಂಟನ್ನು ಅಡುಗೆಗೂ ಔಷಧಿಗೂ ಬಳಸುತ್ತಿದ್ದರು. ನಾಣ್ಯದ ಮೇಲೂ ಇದೇ ಗಿಡ. ಸೀಸರ್ ಕಾಲದಲ್ಲಿ ರೋಮ್‌ನ ಖಜಾನೆಯಲ್ಲಿ ಚಿನ್ನ ಬೆಳ್ಳಿಯ ಜೊತೆ 1,500 ರೋಮನ್ ಪೌಂಡ್‌ನಷ್ಟು ಅಂಟು ಇತ್ತು. ಅದು ಸಿಗದಾದಾಗ ರೋಮನ್ನರು ಬದಲಿಗೆ ಹಾಕಿಕೊಂಡದ್ದು ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗು! ಕ್ರಿ.ಪೂ. 560ರ ಸುಮಾರಿನ ಒಂದು ಸ್ಪಾರ್ಟಾದ ಬಟ್ಟಲಿನ ಚಿತ್ರದಲ್ಲಿ ಸೈರೀನ್‌ನ ರಾಜ ಆರ್ಕೆಸಿಲಾಸ್ ಕೂತು ಸರಕು ತೂಗಿಸುತ್ತಿದ್ದಾನೆ. ಉಣ್ಣೆಯೋ ಸಿಲ್ಫಿಯಂ ಅಂಟೋ ಅಂತ ವಿದ್ವಾಂಸರಲ್ಲಿ ಇನ್ನೂ ಜಗಳ. ಮೇಲಿನ ತೊಲೆಯ ಮೇಲೆ ಒಂದು ಮಂಗ ಬೇರೆ ಕೂತಿದೆ. ಇಂಗು ತಿಂದ ಮಂಗ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ರಾಜಕೀಯ ಬೇಗ ಮುಗಿಸೋಣ. ಬಟ್ಟಸ್ ವಂಶದ ಎಂಟು ರಾಜರು. ಹೊಸ ಗ್ರೀಕರು ಬಂದು ಜಮೀನು ಹಂಚಿಕೊಂಡಾಗ, ದಾರಿ ತೋರಿಸಿದ ಲಿಬಿಯನ್ನರೇ ಈಜಿಪ್ಟಿನ ಸಹಾಯ ಕೇಳಿದರು, ಕ್ರಿ.ಪೂ. 570ರ ಸುಮಾರಿಗೆ ಆ ಸೈನ್ಯವೂ ಸೋತಿತು. ಕ್ರಿ.ಪೂ. 440ರ ಹೊತ್ತಿಗೆ ರಾಜರು ಹೋದರು. ಆಮೇಲೆ ಈಜಿಪ್ಟ್ ಆಳುತ್ತಿದ್ದ ಗ್ರೀಕ್ ಮೂಲದ ರಾಜವಂಶ ಟಾಲೆಮಿಗಳು, ಕ್ರಿ.ಪೂ. 74ರಲ್ಲಿ ರೋಮನ್ ಪ್ರಾಂತ್ಯ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎರಟೊಸ್ತೆನಿಸ್ ಈ ಊರಿನವನೇ.

ಈಗ ಪತನ. ‘ಗಿಡ ಮುಗೀತು, ಊರು ಮುಗೀತು’ ಅಂತ ನಾನೂ ಮೊದಲು ನೋಟ್ಸಲ್ಲಿ ಗೀಚಿದ್ದೆ. ಇಸವಿ ಹಾಕಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ರೋಮನ್ ಲೇಖಕ ಪ್ಲಿನಿ ಹೇಳುವಂತೆ ಅವನ ಕಾಲಕ್ಕೆ ಸಿಕ್ಕಿದ್ದು ಒಂದೇ ಒಂದು ಸಿಲ್ಫಿಯಂ ದಂಟು, ಅದನ್ನು ಚಕ್ರವರ್ತಿ ನೀರೋಗೆ ಕಳಿಸಿದರು. ಅಂದರೆ ಕ್ರಿ.ಶ. 1ನೇ ಶತಮಾನ. ಊರು ಅದಾದ ಮೇಲೂ ಬದುಕಿತ್ತು. ಭಾರಿ ಪೆಟ್ಟು ಬಿದ್ದದ್ದು ರೋಮನ್ ಆಡಳಿತದ ವಿರುದ್ಧ ಎದ್ದ 115–117ರ ಯಹೂದಿ ದಂಗೆಯಲ್ಲಿ. ಅಥೆನ್ಸ್‌ನ ಪಾರ್ಥೆನಾನ್ ದೇವಾಲಯಕ್ಕಿಂತ ಸ್ವಲ್ಪ ದೊಡ್ಡದಾಗಿದ್ದ, ಗ್ರೀಕರ ದೇವರಾಜ ಜೀಯಸ್‌ನ ದೇವಾಲಯ ಉರುಳಿತು, ಬಂದರಿನ ರಸ್ತೆ ಹಾಳಾಯಿತು. ಚಕ್ರವರ್ತಿ ಹೇಡ್ರಿಯನ್ ರಸ್ತೆ ದುರಸ್ತಿ ಮಾಡಿಸಿ, ಹಾಗೆಂದು ಮೈಲಿಗಲ್ಲಿನಲ್ಲೂ ಬರೆಸಿದ. ಊರು ಎದ್ದು ನಿಂತಿತು. ಆಮೇಲೆ 262ರ ಭೂಕಂಪ. ಚಕ್ರವರ್ತಿ ಡಯೊಕ್ಲೀಷನ್ ಕಾಲದಲ್ಲಿ ಪ್ರಾಂತ್ಯದ ರಾಜಧಾನಿ ಕರಾವಳಿಯ ಟಾಲೆಮೈಸ್‌ಗೆ ಹೋಯಿತು. ಅಧಿಕಾರ ಹೋದ ಊರನ್ನು ಮತ್ತೆ ಕಟ್ಟುವವರು ಯಾರು? 365ರ ಭೂಕಂಪವೂ ಬಂತು. ಅದೇ ಶತಮಾನದ ಇತಿಹಾಸಕಾರ ಅಮ್ಮಿಯಾನಸ್ ಈ ಊರಿಗೆ ಕೊಟ್ಟದ್ದು ಎರಡೇ ವಿಶೇಷಣ: ಹಳೆಯದು, ಪಾಳುಬಿದ್ದದ್ದು.

643ರ ಸುಮಾರಿಗೆ ಅರಬರು ಬಂದಾಗ ಇಲ್ಲಿ ಗೆಲ್ಲಲು ಜಾಸ್ತಿ ಏನೂ ಉಳಿದಿರಲಿಲ್ಲ. ಪಕ್ಕದ ಇವತ್ತಿನ ಊರು ಶಹ್ಹಾತ್. ಅವಶೇಷಗಳು 1982ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಚಂಡಮಾರುತದ ಮಳೆನೀರು ಅವುಗಳ ನಡುವೆ ನುಗ್ಗಿ ಹರಿದು, ಕೆಲವು ಗೋಡೆಗಳನ್ನು ಕೆಡವಿತು.